ಲೈಬ್ರರಿಯಲ್ಲಿ ಕಾಮಿಕ್ಸ್ ಮತ್ತು ಗ್ರಾಫಿಕ್ ನಾವೆಲ್ ಪ್ರದರ್ಶನ: 180 ಪುಸ್ತಕ, ಎರಡು ರ್ಯಾಕ್, ಹೇಗೆ ಜೋಡಿಸುವುದು?

ಮೌನಕೊಠಡಿ:

ಎಲ್ಲರಿಗೂ ನಮಸ್ಕಾರ. ಓದುವ ಕೋಣೆಯಲ್ಲಿ ಒಂದು ತಿಂಗಳ ಮಟ್ಟಿಗೆ ಕಾಮಿಕ್ಸ್ ಮತ್ತು ಗ್ರಾಫಿಕ್ ನಾವೆಲ್‌ಗಳ ಪ್ರದರ್ಶನ ಇಡಬೇಕಿದೆ. ಇರುವುದು 90 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಐದು ಹಲಗೆಯ ಎರಡು ಸ್ಟೀಲ್ ರ್ಯಾಕ್, ಒಂದು ಉದ್ದನೆಯ ಮೇಜು, ಗಾಜಿನ ಮುಚ್ಚಳದ ಒಂದು ಸಣ್ಣ ಪೆಟ್ಟಿಗೆ. ಪುಸ್ತಕ ಒಟ್ಟು 180ರ ಆಸುಪಾಸು: ನೂರರಷ್ಟು ಮಾಂಗಾ (ಜಪಾನಿ ಕಾಮಿಕ್ಸ್, ಎಲ್ಲವೂ ಸರಣಿಗಳು), 50 ಅಮೆರಿಕನ್ ಅಳತೆಯ ಪೇಪರ್‌ಬ್ಯಾಕ್, 18 ಯುರೋಪಿಯನ್ ದೊಡ್ಡ ಆಲ್ಬಂ, ಮಿಕ್ಕಿದ್ದು ಸ್ಟೇಪಲ್ ಹೊಡೆದ ಹಳೆಯ ಬಿಡಿ ಸಂಚಿಕೆ. ಹಳೆಯ ಸಂಚಿಕೆ ಬಿಟ್ಟು ಉಳಿದದ್ದೆಲ್ಲ ಇಶ್ಯೂ ಆಗುವಂಥದ್ದೇ.

ಮುಖಪುಟ ಕಾಣುವಂತೆ ಎಷ್ಟು ಇಡಬೇಕು, ಬೆನ್ನು ಕಾಣುವಂತೆ ಎಷ್ಟು? ಸರಣಿಗಳನ್ನು ಏನು ಮಾಡುವುದು? ಮಕ್ಕಳು, ದೊಡ್ಡವರು ಇಬ್ಬರೂ ಒಂದೇ ಕೋಣೆಗೆ ಬರುತ್ತಾರೆ, ಅದಕ್ಕೇನು ವ್ಯವಸ್ಥೆ? ಇನ್ನೊಂದು: ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ದೊಡ್ಡ ಪೋಸ್ಟರ್ ಮಾಡಿಸೋಣ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಸರಿಯೇ?

ಬೆನ್ನುಪಟ್ಟಿ:

ಮೊದಲು ಟೇಪು ಹಿಡಿದು ಅಳೆಯಿರಿ, ಆಮೇಲೆ ಉಳಿದ ಮಾತು. ಅಮೆರಿಕನ್ ಪೇಪರ್‌ಬ್ಯಾಕ್ ಸುಮಾರು 17 × 26 ಸೆಂ.ಮೀ., ಮಾಂಗಾ 13 × 19, ಯುರೋಪಿಯನ್ ಆಲ್ಬಂ 22 × 30ರ ಹತ್ತಿರ. ಅಂದರೆ 90 ಸೆಂ.ಮೀ. ಹಲಗೆಯ ಮೇಲೆ ಮುಖಪುಟ ಕಾಣುವಂತೆ ಅಮೆರಿಕನ್ ಐದು ಕೂರುತ್ತವೆ, ಮಾಂಗಾ ಆರು, ಆಲ್ಬಂ ಮೂರೇ. ನಾಲ್ಕನೇ ಆಲ್ಬಂ ತುರುಕಿದರೆ ಒಂದರ ಅಂಚಿಗೆ ಇನ್ನೊಂದು ಒತ್ತಿಕೊಂಡು ನಿಲ್ಲುತ್ತದೆ, ಒಂದನ್ನು ತೆಗೆಯಲು ಹೋದರೆ ಪಕ್ಕದ್ದೂ ಬೀಳುತ್ತದೆ. ಹತ್ತು ಹಲಗೆ ಪೂರ್ತಿ ಮುಖಪುಟಕ್ಕೇ ಕೊಟ್ಟರೂ 60ರ ಮೇಲೆ ಹೋಗುವುದಿಲ್ಲ. ಹಾಗೆ ಕೊಡಲೂಬಾರದು. ತೀರಾ ಕೆಳಗಿನ ಹಲಗೆಯಲ್ಲಿ ಮುಖಪುಟ ನಿಲ್ಲಿಸಿದರೆ ನಿಂತವರಿಗೆ ಅದು ಕಾಣುವುದೇ ಇಲ್ಲ, ತೀರಾ ಮೇಲಿನದು ಎಲ್ಲರ ಕೈಗೆ ಎಟಕುವುದಿಲ್ಲ. ಮಧ್ಯದ ಮೂರು ಹಲಗೆಗಳೇ ನಿಮ್ಮ ನಿಜವಾದ ಜಾಗ. ಎರಡು ರ್ಯಾಕ್‌ಗೆ ಆರು.

ಒಂದು ರ್ಯಾಕ್ ಪೂರ್ತಿ ಮಾಂಗಾಕ್ಕೆ ಬಿಡಿ. ಪ್ರತಿ ಸರಣಿಯ 1ನೇ ಸಂಪುಟ ಮುಖಪುಟ ತೋರಿಸುತ್ತಾ ನಿಲ್ಲಲಿ, ಅದರ ಬಲಕ್ಕೆ 2ರಿಂದ ಮುಂದಿನವು ಬೆನ್ನು ಕಾಣುವಂತೆ. ಸ್ಟ್ಯಾಂಡಿಗೆ 15 ಸೆಂ.ಮೀ. ಹೋಯಿತು, ಸುಮಾರು 200 ಪುಟದ ಮಾಂಗಾ ಒಂದೂವರೆಯಿಂದ ಎರಡು ಸೆಂ.ಮೀ. ದಪ್ಪ, ಹತ್ತು ಸಂಪುಟಕ್ಕೆ ಹೆಚ್ಚೆಂದರೆ 20. ಒಂದು ಹಲಗೆಗೆ ಎರಡು ಸರಣಿ ನೆಮ್ಮದಿಯಾಗಿ ಕೂತು ಇನ್ನೂ ಒಂದು ಸ್ಟ್ಯಾಂಡಿಗೆ ಜಾಗ ಉಳಿಯುತ್ತದೆ. ಅಲ್ಲಿ ಮತ್ತೊಂದು ಸರಣಿಯ ಮೊದಲ ಸಂಪುಟ ಇಟ್ಟು, ಅದರ ಉಳಿದ ಸಂಪುಟಗಳನ್ನು ಕೆಳಗಿನ ಹಲಗೆಗೆ ಇಳಿಸಿ. ಮಧ್ಯದ ಮೂರು ಹಲಗೆಯಲ್ಲಿ 65, ಕೆಳಗಿನದರಲ್ಲಿ 40. ನಿಮ್ಮ ನೂರು ಮುಗಿಯಿತು.

ಕಾಮಿಕ್ಸ್ ಪ್ರದರ್ಶನ ಸೋಲುವುದು ಬಹುಪಾಲು ಇಲ್ಲೇ. ಮೊದಲ ದಿನವೇ 1ನೇ ಸಂಪುಟ ಇಶ್ಯೂ ಆಗುತ್ತದೆ, ಖಾಲಿಯಾದ ಸ್ಟ್ಯಾಂಡಿನಲ್ಲಿ ಯಾರೋ ಕೈಗೆ ಸಿಕ್ಕ 7ನೇ ಸಂಪುಟ ನಿಲ್ಲಿಸುತ್ತಾರೆ. ಹೊಸ ಓದುಗ ಏಳರಿಂದ ಶುರು ಮಾಡುವುದಿಲ್ಲ, ಆರು ಮುಗಿಸಿದವನಿಗೆ ಸ್ಟ್ಯಾಂಡ್ ಬೇಕಾಗಿಲ್ಲ, ಅವನು ಬೆನ್ನು ನೋಡಿಯೇ ಹುಡುಕಿಕೊಳ್ಳುತ್ತಾನೆ. ಬೇಡಿಕೆಯ ಸರಣಿಗೆ 1ನೇ ಸಂಪುಟದ ಎರಡು ಪ್ರತಿ ಇಡಿ. ಇಲ್ಲದಿದ್ದರೆ ಪುಸ್ತಕದ ಅಳತೆಯ ರಟ್ಟಿನ ಮೇಲೆ ಸರಣಿಯ ಹೆಸರು, "1ನೇ ಸಂಪುಟ ಹೊರಗಿದೆ, ಕೌಂಟರಿನಲ್ಲಿ ಹೆಸರು ಬರೆಸಿ" ಎಂದು ಬರೆದು ಸ್ಟ್ಯಾಂಡಿನಲ್ಲಿ ನಿಲ್ಲಿಸಿ.

ಎರಡನೇ ರ್ಯಾಕ್ ಅಮೆರಿಕನ್ ಪೇಪರ್‌ಬ್ಯಾಕ್‌ಗೆ. ಮಧ್ಯದ ಮೂರು ಹಲಗೆಯಲ್ಲಿ 15 ಮುಖಪುಟ, ಮಿಕ್ಕ 35 ಕೆಳಗೆ ಬೆನ್ನು ಕಾಣುವಂತೆ.

ಆಲ್ಬಂಗಳನ್ನು ರ್ಯಾಕ್‌ಗೆ ಹಾಕಲೇಬೇಡಿ. 48 ಪುಟದ ಗಟ್ಟಿ ರಟ್ಟಿನ ಆಲ್ಬಂ ಒಂದು ಸೆಂ.ಮೀ.ಗೂ ಕಡಿಮೆ ದಪ್ಪ, ಬೆನ್ನಿನ ಅಕ್ಷರ ಯಾರಿಗೂ ಕಾಣದು, ಎತ್ತರವೂ ಹಲಗೆಗೆ ತಗಲುತ್ತದೆ. ಮೇಜಿನ ಮೇಲೆ ಎರಡು ರಟ್ಟಿನ ಪೆಟ್ಟಿಗೆ: ಒಳಗಿನ ಅಗಲ 26 ಸೆಂ.ಮೀ., ಎತ್ತರ 20. ಒಂದರ ಹಿಂದೊಂದು ಮುಖಪುಟ ಮುಂದೆ ಮಾಡಿ ಒಂಬತ್ತೊಂಬತ್ತು ನಿಲ್ಲಿಸಿದರೆ ಮೇಲಿನ 10 ಸೆಂ.ಮೀ. ಹೊರಗೆ ಕಾಣುತ್ತದೆ, ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಬೆರಳಿನಿಂದ ಮುಂದಕ್ಕೆ ಬಾಗಿಸುತ್ತಾ ನೋಡಬಹುದು. ಪೆಟ್ಟಿಗೆಯ ಕಾಲು ಭಾಗ ಖಾಲಿ ಬಿಡಿ. ತುಂಬಿ ತುಳುಕಿದರೆ ಬಾಗಿಸಲು ಆಗುವುದಿಲ್ಲ.

ಮಾಂಗಾದ ದಿಕ್ಕಿನ ಬಗ್ಗೆ ಜೋಡಿಸುವ ಎಲ್ಲರಿಗೂ ಮೊದಲೇ ಹೇಳಿಡಿ. ಜಪಾನಿ ಕ್ರಮ ಉಳಿಸಿಕೊಂಡ ಪುಸ್ತಕದಲ್ಲಿ ಮುಖಪುಟ ನಮ್ಮ ಕಡೆ ಇದ್ದಾಗ ಬೆನ್ನು ಬಲಗಡೆಗೆ ಬರುತ್ತದೆ. ಅಭ್ಯಾಸಬಲದಿಂದ ಬೆನ್ನು ಎಡಕ್ಕೆ ಮಾಡಿ ನಿಲ್ಲಿಸಿದರೆ ಓದುಗರಿಗೆ ಕಾಣುವುದು ಹಿಂಬದಿ. ಡೇಟ್ ಸ್ಲಿಪ್ ಅಂಟಿಸುವಾಗಲೂ ಇದೇ ತಪ್ಪು: "ಮೊದಲ ಪುಟ" ಎಂದುಕೊಂಡು ಕಥೆಯ ಕೊನೆಯ ಪುಟದ ಚಿತ್ರದ ಮೇಲೆಯೇ ಅಂಟಿಸಿರುತ್ತಾರೆ.

ಗಮ್‌ಡಬ್ಬಿ:

ಜೋಡಣೆಯ ಲೆಕ್ಕ ಮೇಲೆ ಚೆನ್ನಾಗಿ ಬಂದಿದೆ. ನಾನು ಪುಸ್ತಕಗಳ ಆರೋಗ್ಯದ ಬಗ್ಗೆ ಸೇರಿಸುತ್ತೇನೆ.

ತಂತಿಯ ಸ್ಟ್ಯಾಂಡಿನಲ್ಲಿ ಪೇಪರ್‌ಬ್ಯಾಕ್ ನಿಲ್ಲಿಸಿದರೆ ಮುಖಪುಟ ಹೊರಕ್ಕೆ ಸುರುಳುತ್ತದೆ. ರಕ್ಷಾಪುಟದ ಹೊರಮೈಗೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಇರುತ್ತದೆ, ಒಳಮೈ ಬರೀ ಕಾಗದ. ಗಾಳಿಯ ತೇವ ಹೀರಿ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಆಗ ಹಾಳೆ ಲ್ಯಾಮಿನೇಶನ್ ಇರುವ ಕಡೆಗೆ ಬಾಗುತ್ತದೆ. ಮಳೆಗಾಲದಲ್ಲಿ ಇದು ಜೋರು. ಬೆನ್ನಿಗೆ ಪೂರ್ತಿ ಹಲಗೆ ಇರುವ, ಮುಂದೆ 2–3 ಸೆಂ.ಮೀ. ತಡೆ ಇರುವ ಸ್ಟ್ಯಾಂಡ್ ಬಳಸಿ, ನೆಟ್ಟಗಿನಿಂದ 15–20 ಡಿಗ್ರಿ ಹಿಂದಕ್ಕೆ ಒರಗಿರಲಿ. ವಾರಕ್ಕೊಮ್ಮೆ ಸ್ಟ್ಯಾಂಡಿನ ಪುಸ್ತಕವನ್ನು ಬದಲಿಸಿ. ಬಾಗಿದ್ದನ್ನು ಬೆನ್ನು ಕಾಣುವ ಸಾಲಿನಲ್ಲಿ ಹದವಾಗಿ ಒತ್ತಿ ನಿಲ್ಲಿಸಿದರೆ ಬಹುಮಟ್ಟಿಗೆ ನೇರವಾಗುತ್ತದೆ. ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ, ಅಂಚು ಕಚ್ಚಿ ಕೊಯ್ಯುತ್ತದೆ.

5 ಸೆಂ.ಮೀ. ದಪ್ಪ ಮೀರಿದ ಸಂಗ್ರಹ ಸಂಪುಟಗಳಿದ್ದರೆ ನಿಲ್ಲಿಸದೆ ಮಲಗಿಸಿ. ನಿಂತಾಗ ಪುಟಗಳ ಕಟ್ಟು ತನ್ನ ಭಾರಕ್ಕೆ ತಾನೇ ಕೆಳಗೆ ಜಗ್ಗುತ್ತದೆ, ಮೇಲ್ತುದಿಯಲ್ಲಿ ರಟ್ಟಿನಿಂದ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಗಮ್ ಮೇಲೆ ಮಾತ್ರ ನಿಂತ ಪರ್ಫೆಕ್ಟ್ ಬೈಂಡಿಂಗ್ ಮಾಂಗಾವನ್ನು ಪೂರ್ತಿ ಚಪ್ಪಟೆ ಬಿಡಿಸಿ ಮೇಜಿನ ಮೇಲೆ ಕವುಚಿದರೂ ಅದೇ ಗತಿ. ಮೊದಲು ಗಮ್ ಸೀಳುತ್ತದೆ, ಆಮೇಲೆ ನಡುವಿನ ಎರಡು ಮೂರು ಹಾಳೆ ಕೈಗೇ ಬರುತ್ತವೆ.

ಕಿಟಕಿ ಪಕ್ಕ ಬೇಡವೇ ಬೇಡ. ನಾಲ್ಕು ಬಣ್ಣದ ಮುದ್ರಣದಲ್ಲಿ ಬಿಸಿಲಿಗೆ ಮೊದಲು ಹಾರುವುದು ಹಳದಿ ಮತ್ತು ಮೆಜೆಂಟಾ. ಕೆಂಪು ಅಂಗಿಯ ನಾಯಕ ಕೊನೆಗೆ ಪೇಲವ ನೀಲಿ ಬಣ್ಣಕ್ಕೆ ತಿರುಗಿ ನಿಂತಿರುತ್ತಾನೆ. ಅದು ವಾಪಸ್ ಬರುವ ಬಣ್ಣವಲ್ಲ.

ಹಳೆಯ ಬಿಡಿ ಸಂಚಿಕೆಗಳು ಗಾಜಿನ ಪೆಟ್ಟಿಗೆಯಲ್ಲೇ ಇರಲಿ. ಅವು ನ್ಯೂಸ್‌ಪ್ರಿಂಟ್; ಕಾಗದದಲ್ಲೇ ಆಮ್ಲ ಇರುವುದರಿಂದ ಹಳದಿಯಾಗಿ ಪುಡಿಯಾಗುತ್ತವೆ, ಸ್ಟೇಪಲ್ ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ಪ್ರತಿಯೊಂದಕ್ಕೂ ಪಾಲಿಯೆಸ್ಟರ್ ಚೀಲ, ಅಂದರೆ ಮೈಲಾರ್, 50ರಿಂದ 100 ಮೈಕ್ರಾನ್ ದಪ್ಪದ್ದು, ಹಿಂದೆ ಆಮ್ಲರಹಿತ ರಟ್ಟು. ಪಾಲಿಪ್ರೊಪಿಲೀನ್ ಚೀಲ ಅಗ್ಗ, ಒಂದು ತಿಂಗಳ ಪ್ರದರ್ಶನಕ್ಕೆ ಧಾರಾಳವಾಗಿ ಸಾಕು. ಪಿವಿಸಿ ಮಾತ್ರ ಬೇಡ: ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ನಿಧಾನಕ್ಕೆ ಹೊರಬಂದು ಮಸಿಗೆ ಅಂಟಿಕೊಳ್ಳುತ್ತದೆ. ಹೊಸ ರೇನ್‌ಕೋಟಿನ ಹಾಗೆ ವಾಸನೆ ಹೊಡೆದರೆ ಅದು ಪಿವಿಸಿ ಎಂದೇ ಅನುಮಾನಿಸಿ.

ಚೀಲದಿಂದ ಸಂಚಿಕೆ ಹೊರತೆಗೆಯುವಾಗ ಒಂದು ಅನಾಹುತ ಪದೇ ಪದೇ ಆಗುತ್ತದೆ. ಚೀಲದ ಮುಚ್ಚುವ ಮಡಿಕೆಯಲ್ಲಿರುವ ಗಮ್ ಪಟ್ಟಿ ಮುಖಪುಟಕ್ಕೆ ತಾಗಿ ಮೇಲಿನ ಬಣ್ಣದ ಪದರವನ್ನೇ ಕಿತ್ತುಕೊಂಡು ಬರುತ್ತದೆ. ಮಡಿಕೆ ಬಿಚ್ಚಿದ ಕೂಡಲೇ ಅದನ್ನು ಚೀಲದ ಹಿಂಬದಿಗೆ ಪೂರ್ತಿ ತಿರುಗಿಸಿ ಅಂಟಿಸಿ, ಆಮೇಲೆ ಸಂಚಿಕೆಗೆ ಕೈ ಹಾಕಿ.

ಗಾಜಿನ ಪೆಟ್ಟಿಗೆಯೊಳಗೆ ದೀಪ ಬೇಡ, ಬೆಳಕಿನ ಜೊತೆಗೆ ಶಾಖವೂ ಸೇರುತ್ತದೆ. ಇಂಥ ಕಾಗದಕ್ಕೆ ಮ್ಯೂಸಿಯಂಗಳು ಪಾಲಿಸುವ ಬೆಳಕಿನ ಮಿತಿ 50 ಲಕ್ಸ್ (ಬೆಳಕನ್ನು ಅಳೆಯುವ ಮಾನ). ಕೋಣೆಯ ಮಂದ ಬೆಳಕೇ ಸಾಕು. ಯಾವುದನ್ನಾದರೂ ಬಿಡಿಸಿ ತೋರಿಸುವುದಿದ್ದರೆ ಎರಡೂ ಬದಿಗೆ ಬೆಣೆಯಂಥ ಆಸರೆ ಕೊಟ್ಟು 120 ಡಿಗ್ರಿಗಿಂತ ಹೆಚ್ಚು ತೆರೆಯದಂತೆ ನೋಡಿಕೊಳ್ಳಿ. ವಾರಕ್ಕೊಂದು ಪುಟ ತಿರುಗಿಸಿದರೆ ಒಂದೇ ಪುಟ ಬೆಳಕು ತಿನ್ನುವುದೂ ತಪ್ಪುತ್ತದೆ, ನೋಡಿದವರೇ ಮತ್ತೆ ಬಂದು ನೋಡುವುದಕ್ಕೂ ಕಾರಣ ಸಿಗುತ್ತದೆ.

ಏಳುನಲವತ್ತೊಂದು:

ಬೆನ್ನುಪಟ್ಟಿಯವರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅಮೆರಿಕನ್ 35 ಪುಸ್ತಕಗಳನ್ನು ಕೆಳಹಲಗೆಯಲ್ಲಿ ಇಡುವ ಬದಲು ಟ್ರಾಲಿಯಲ್ಲಿ ಮೀಸಲಿಡಿ. ಪುಸ್ತಕ ಎರಡು ವಾರಕ್ಕೆ ಇಶ್ಯೂ ಆಗುತ್ತದೆ ಎಂದಿಟ್ಟುಕೊಳ್ಳಿ. ಮೊದಲ ವಾರ ಹೋದದ್ದು ಮೂರನೇ ವಾರಕ್ಕೆ ಮುಂಚೆ ವಾಪಸ್ ಬರುವುದಿಲ್ಲ. ಮೊದಲ ದಿನವೇ ಎಲ್ಲವನ್ನೂ ಹೊರಗಿಟ್ಟರೆ ಹತ್ತನೇ ದಿನಕ್ಕೆ ರ್ಯಾಕ್ ಹಲ್ಲುದುರಿದ ಬಾಯಿ. ಮುಖಪುಟಕ್ಕೆ 15 ಜಾಗ ಇದ್ದರೆ ಅದರ ಎರಡರಷ್ಟು ಮೀಸಲು ಬೇಕು. ನಿಮ್ಮ 35 ಅದಕ್ಕೆ ಸರಿಹೋಯಿತು.

ಕ್ಯಾಟಲಾಗಿನ ಕೆಲಸ ಮರೆಯಬೇಡಿ. ಪುಸ್ತಕವನ್ನು ಅದರ ಜಾಗದಿಂದ ಎತ್ತಿ ಪ್ರದರ್ಶನಕ್ಕೆ ತಂದು, ಕಂಪ್ಯೂಟರಿನಲ್ಲಿ ಜಾಗ ಬದಲಿಸದಿದ್ದರೆ ಹುಡುಕಿಕೊಂಡು ಬಂದವರಿಗೆ ಅದು ಕಳೆದುಹೋದ ಪುಸ್ತಕವೇ. ಕೊಹಾ ಎಂಬ ಲೈಬ್ರರಿ ತಂತ್ರಾಂಶ ಬಳಸುತ್ತಿದ್ದರೆ ಶೆಲ್ವಿಂಗ್ ಲೊಕೇಶನ್ (ಪುಸ್ತಕ ಇರುವ ಜಾಗ) ಪಟ್ಟಿಗೆ "ಕಾಮಿಕ್ಸ್ ಪ್ರದರ್ಶನ" ಎಂಬ ಹೊಸ ಹೆಸರು ಸೇರಿಸಿ. ಎಲ್ಲ ಬಾರ್‌ಕೋಡ್‌ಗಳನ್ನೂ ಒಂದು ಟೆಕ್ಸ್ಟ್ ಫೈಲಿಗೆ ಸ್ಕ್ಯಾನ್ ಮಾಡಿ, ಬ್ಯಾಚ್ ಐಟಂ ಮಾಡಿಫಿಕೇಶನ್‌ನಲ್ಲಿ ಈ ಜಾಗವನ್ನು ದಾಖಲಿಸುವ 952ರ ಸಿ ಉಪಕ್ಷೇತ್ರವನ್ನು ಒಟ್ಟಿಗೇ ಬದಲಿಸಿ. ಬದಲಿಸುವ ಮುಂಚೆ ಹಳೆಯ ಜಾಗದ ಪಟ್ಟಿಯನ್ನು ತೆಗೆದಿಟ್ಟುಕೊಳ್ಳಿ, ಯಾಕೆಂದರೆ ನಿಮ್ಮ ಪುಸ್ತಕಗಳೆಲ್ಲ ಒಂದೇ ಕಡೆಯಿಂದ ಬಂದಿರುವುದಿಲ್ಲ.

ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕಾಮಿಕ್ಸ್ 741.5. ಆದರೆ ಚಿತ್ರರೂಪದ ಇತಿಹಾಸ, ಆತ್ಮಕಥೆ, ವರದಿ ಇವೆಲ್ಲ ವಿಷಯದ ಸಂಖ್ಯೆಗೆ ಹೋಗಿರಬಹುದು. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆದ "ಮೌಸ್" ಎಷ್ಟೋ ಲೈಬ್ರರಿಗಳಲ್ಲಿ 940.5318ರಲ್ಲಿ, ಯಹೂದಿ ನರಮೇಧದ ಇತಿಹಾಸದ ಪಕ್ಕ ಕೂತಿರುತ್ತದೆ. ಹಾಗಾಗಿ 741.5ರ ಕಪಾಟನ್ನು ಖಾಲಿ ಮಾಡಿಕೊಂಡು ಬಂದರೆ ಸಾಲದು. ಕ್ಯಾಟಲಾಗ್ ದಾಖಲೆಯಲ್ಲಿ ಪುಸ್ತಕದ ಪ್ರಕಾರ ಹೇಳುವ ಮಾರ್ಕ್ 655ರಲ್ಲಿ ಗ್ರಾಫಿಕ್ ನಾವೆಲ್, ಕಾಮಿಕ್ಸ್ ಎಂದು ಗುರುತಿಸಿದ್ದನ್ನೆಲ್ಲ ಹುಡುಕಿ ತೆಗೆಯಿರಿ. ಕಾಮಿಕ್ಸ್ ಅಂದರೆ ಮಕ್ಕಳದ್ದು ಎಂದು ದೂರ ನಿಲ್ಲುವ ದೊಡ್ಡವರನ್ನು ರ್ಯಾಕ್ ಹತ್ತಿರ ಕರೆತರುವುದೇ ಇಂಥ ಪುಸ್ತಕ.

ಬೆನ್ನು ಕಾಣುವ ಸಾಲಿನಲ್ಲಿ ಅಮೆರಿಕನ್ ಸೂಪರ್‌ಹೀರೋ ಪುಸ್ತಕಗಳನ್ನು ಲೇಖಕರ ಹೆಸರಿನ ಮೇಲೆ ಜೋಡಿಸಬೇಡಿ. ಒಂದೇ ನಾಯಕನ ಕಥೆಯನ್ನು ಇಂದು ಒಬ್ಬರು ಬರೆದರೆ ನಾಳೆ ಇನ್ನೊಬ್ಬರು ಬರೆಯುತ್ತಾರೆ, ಸರಣಿ ಐದು ಕಡೆ ಚೆದುರಿಹೋಗುತ್ತದೆ. ಅವಕ್ಕೆ ಸರಣಿಯ ಹೆಸರು, ಆಮೇಲೆ ಸಂಪುಟ ಸಂಖ್ಯೆ. ಒಬ್ಬರೇ ಬರೆದು ಚಿತ್ರಿಸಿದ ಬಿಡಿ ಕೃತಿಗಳಿಗೆ ಲೇಖಕರ ಹೆಸರೇ ಸರಿ. ಸಂಪುಟ ಸಂಖ್ಯೆ ಬೆನ್ನಿನ ಚೀಟಿಯ ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿರಲಿ. ಚೀಟಿ ಅಂಟಿಸುವಾಗ ಪ್ರಕಾಶಕರು ಅಚ್ಚು ಹಾಕಿದ ಸಂಖ್ಯೆಯನ್ನೇ ಮುಚ್ಚಿಬಿಡುವುದು ಸಾಮಾನ್ಯ, ನೋಡಿ ಅಂಟಿಸಿ.

ಕೂತಲ್ಲೇ ಓದಿ ಮೇಜಿನ ಮೇಲೆ ಬಿಟ್ಟುಹೋಗುವವರೇ ಇಲ್ಲಿ ಹೆಚ್ಚು. ಇಶ್ಯೂ ಲೆಕ್ಕ ಮಾತ್ರ ನೋಡಿದರೆ ಪ್ರದರ್ಶನ ಸೋತಂತೆ ಕಾಣುತ್ತದೆ. "ಓದಿದ ಪುಸ್ತಕ ಇಲ್ಲಿಡಿ" ಎಂಬ ಬುಟ್ಟಿ ಇಟ್ಟು, ದಿನದ ಕೊನೆಗೆ ಅದರಲ್ಲಿರುವುದನ್ನು ಕೊಹಾದ ಸ್ಟಾಟಿಸ್ಟಿಕಲ್ ಸದಸ್ಯರ (ಬರೀ ಲೆಕ್ಕಕ್ಕೆಂದೇ ಇರುವ) ಖಾತೆಗೆ ಸ್ಕ್ಯಾನ್ ಮಾಡಿದರೆ ಒಳಬಳಕೆಯ ಲೆಕ್ಕವೂ ಸಿಗುತ್ತದೆ.

ಮೌನಕೊಠಡಿ:

ಬಹಳ ಉಪಯೋಗವಾಯಿತು. ಕೊಹಾವೇ ಇದೆ. ವಯಸ್ಸಿನ ವಿಷಯ, ಪೋಸ್ಟರ್ ವಿಷಯ ಬಾಕಿ ಉಳಿದಿದೆ. ಪುಸ್ತಕದ ಹಿಂಬದಿಯಲ್ಲಿ ಪ್ರಕಾಶಕರೇ "ಟೀನ್", "ಮೆಚ್ಯೂರ್" ಎಂದು ಹಾಕಿರುತ್ತಾರಲ್ಲ, ಅದನ್ನೇ ನೆಚ್ಚಿಕೊಂಡು ವಿಂಗಡಿಸಬಹುದೇ?

ಗುಳ್ಳೆಮಾತು:

ನೆಚ್ಚಿಕೊಳ್ಳಬೇಡಿ, ಸುಳಿವು ಎಂದಷ್ಟೇ ಇಟ್ಟುಕೊಳ್ಳಿ. ಅಮೆರಿಕದಲ್ಲಿ 1954ರಲ್ಲಿ ಬಂದ, ಪ್ರಕಾಶಕರೇ ಸೇರಿ ಮಾಡಿಕೊಂಡ ನಿಯಮಾವಳಿ ಕಾಮಿಕ್ಸ್ ಕೋಡ್‌ನ ಮುದ್ರೆ ದಶಕಗಳ ಕಾಲ ಮುಖಪುಟದ ಮೂಲೆಯಲ್ಲಿ ಇರುತ್ತಿತ್ತು. 2001ರಲ್ಲಿ ಮಾರ್ವೆಲ್, 2011ರಲ್ಲಿ ಡಿಸಿ ಮತ್ತು ಆರ್ಚಿ ಅದನ್ನು ಬಿಟ್ಟ ಮೇಲೆ ಅದರ ಕಥೆ ಮುಗಿಯಿತು. ಈಗಿರುವುದು ಆಯಾ ಪ್ರಕಾಶಕರ ಸ್ವಂತ ಗುರುತು. ಒಬ್ಬರ "ಟೀನ್" ಮತ್ತೊಬ್ಬರ "ಟೀನ್ ಪ್ಲಸ್" ಆಗಬಹುದು, ಅಳತೆಗೋಲು ಒಂದೇ ಅಲ್ಲ. ಮಾಂಗಾದ ಶೋನೆನ್ (ಹುಡುಗರದು), ಶೋಜೋ (ಹುಡುಗಿಯರದು), ಸೇನೆನ್ (ಯುವಕರದು), ಜೋಸೆ (ಮಹಿಳೆಯರದು) ಎಂಬ ವಿಂಗಡಣೆಯೂ ವಯಸ್ಸಿನ ಪ್ರಮಾಣಪತ್ರವಲ್ಲ. ಆ ಕಥೆ ಜಪಾನಿನಲ್ಲಿ ಯಾವ ಓದುಗರ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು ಎಂಬುದನ್ನು ಮಾತ್ರ ಅದು ಹೇಳುತ್ತದೆ. ಹುಡುಗರ ಪತ್ರಿಕೆಯಲ್ಲಿ ಬಂದ ಸರಣಿಯಲ್ಲೂ ರಕ್ತಪಾತ ಧಾರಾಳವಾಗಿರಬಹುದು. ಉದ್ದದ ಸರಣಿಗಳು ಮುಂದುವರಿದಂತೆ ಗಂಭೀರವೂ ಆಗುತ್ತವೆ, ಆದ್ದರಿಂದ 1ನೇ ಸಂಪುಟ ತಿರುವಿ ಹಾಕಿ ತೀರ್ಮಾನಿಸಬೇಡಿ. ನಡುವಿನದೊಂದು, ಇರುವುದರಲ್ಲಿ ಇತ್ತೀಚಿನದೊಂದನ್ನೂ ನೋಡಿ.

ವಿಂಗಡಣೆಗೆ ಚೀಟಿಗಿಂತ ಜಾಗವೇ ಮೇಲು. ಆಲ್ಬಂ ಪೆಟ್ಟಿಗೆಗಳಲ್ಲಿ ಮಕ್ಕಳಿಗೆ ಹೊಂದುವಂಥದ್ದು ಇಟ್ಟು ಮೇಜನ್ನೇ ಮಕ್ಕಳ ಜಾಗ ಮಾಡಿ, ಎತ್ತರ 60 ಸೆಂ.ಮೀ. ಇದ್ದರೆ ಸಾಕು. ಮೇಜು ಎತ್ತರವಾಗಿದ್ದರೆ ಪೆಟ್ಟಿಗೆಗಳನ್ನು ಗಟ್ಟಿಯಾದ ಬೆಂಚಿನ ಮೇಲಿಡಿ. ಹದಿಹರೆಯದವರದ್ದು ಮಾಂಗಾ ರ್ಯಾಕ್. ದೊಡ್ಡವರದ್ದು ಎರಡನೇ ರ್ಯಾಕ್, ಅದು ಮೇಜಿನ ಪಕ್ಕದಲ್ಲಿ ಬೇಡ, ಕೋಣೆಯ ಇನ್ನೊಂದು ಬದಿಗೆ ಇರಲಿ. ಮಾಂಗಾದಲ್ಲೂ ದೊಡ್ಡವರದ್ದಿದ್ದರೆ ಅಳತೆ ಹೊಂದದಿದ್ದರೂ ಚಿಂತೆಯಿಲ್ಲ, ಎರಡನೇ ರ್ಯಾಕ್‌ಗೆ ಹೋಗಲಿ. ಇವನ್ನು ಬೀಗ ಹಾಕಿದ ಕಪಾಟಿಗೆ ಸೇರಿಸಬೇಡಿ. ಗಂಭೀರ ಕಾದಂಬರಿಯನ್ನು ಬೀಗ ಹಾಕಿ ಇಡದ ಲೈಬ್ರರಿ ಗಂಭೀರ ಗ್ರಾಫಿಕ್ ನಾವೆಲನ್ನು ಹಾಗೆ ಇಡಲು ಕಾರಣವಿಲ್ಲ. ಮುಖಪುಟವೇ ತೀರಾ ಉಗ್ರವಾಗಿದ್ದರೆ ಬೆನ್ನು ಕಾಣುವಂತೆ ಇಡಿ, ಅಷ್ಟು ಸಾಕು.

ಚಿತ್ರ ಒಂದು ನೋಟಕ್ಕೇ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಕಾಮಿಕ್ಸ್ ಬಗ್ಗೆ ಆಕ್ಷೇಪ ಬರುವುದು ಬೇಗ. ಒಂದೇ ಪ್ಯಾನೆಲ್ (ಚಿತ್ರದ ಚೌಕ) ತೋರಿಸಿ "ಇದೇನು ಇಲ್ಲಿಟ್ಟಿದ್ದೀರಿ" ಎಂದು ಯಾರಾದರೂ ಕೇಳಿದರೆ ಕೌಂಟರಿನಲ್ಲಿರುವವರು ಅಲ್ಲೇ ವಾದಕ್ಕೆ ನಿಲ್ಲದೆ, ಪುಸ್ತಕವನ್ನು ತಕ್ಷಣ ಒಳಗೆ ಎತ್ತಿಡದೆ, ಬರಹದಲ್ಲಿ ಆಕ್ಷೇಪ ತೆಗೆದುಕೊಳ್ಳಬೇಕು. ಅರ್ಜಿಯಲ್ಲಿ "ಪೂರ್ತಿ ಓದಿದ್ದೀರಾ" ಎಂಬ ಕಾಲಂ ಇರಲಿ.

ಪೋಸ್ಟರ್: ಬೇಡ. ಪುಸ್ತಕ ಕೊಂಡರೆ ಅದರ ಪುಟವನ್ನು ದೊಡ್ಡದು ಮಾಡಿ ಮುದ್ರಿಸುವ ಹಕ್ಕು ಬರುವುದಿಲ್ಲ. ಪುಸ್ತಕವನ್ನೇ ತೆರೆದು ತೋರಿಸುವುದಕ್ಕೆ ಅಡ್ಡಿಯಿಲ್ಲ, ಪ್ರಕಾಶಕರು ಪ್ರಚಾರಕ್ಕೆಂದೇ ಕೊಟ್ಟ ಪೋಸ್ಟರ್ ಇದ್ದರೆ ಹಾಕಬಹುದು. ಇಲ್ಲದಿದ್ದರೆ ಕಾಮಿಕ್ಸ್‌ನ ವ್ಯಾಕರಣವೇ ನಿಮಗೆ ಅಲಂಕಾರ: ಬಿಳಿ ರಟ್ಟಿನಲ್ಲಿ ಮಾತಿನ ಗುಳ್ಳೆ ಕತ್ತರಿಸಿ, ಬಾಲ ಸರಿಯಾಗಿ ಪುಸ್ತಕದ ಕಡೆಗೆ ತಿರುಗಿಸಿ ಸ್ಟ್ಯಾಂಡಿಗೆ ಸಿಕ್ಕಿಸಿ. ಒಳಗೆ ಎಂಟು ಹತ್ತು ಪದ ಸಾಕು: "ಮಾತೇ ಇಲ್ಲ, ಬರೀ ಚಿತ್ರ", "ಯುದ್ಧಭೂಮಿಯಿಂದ ವರದಿ", "ಬಲದಿಂದ ಎಡಕ್ಕೆ ಓದಿ". ಮಾಂಗಾ ರ್ಯಾಕ್‌ಗೆ ಪ್ಯಾನೆಲ್ ಓದುವ ಕ್ರಮದ ಒಂದು ಚಿತ್ರ ನೀವೇ ಬಿಡಿಸಿ: ನಾಲ್ಕು ಚೌಕ, ಮೇಲಿನ ಬಲದಲ್ಲಿ 1, ಅದರ ಎಡಕ್ಕೆ 2, ಕೆಳಗಿನ ಬಲದಲ್ಲಿ 3, ಕೊನೆಗೆ 4. ರ್ಯಾಕ್ ಮೇಲಿನ ಹೆಸರು ಹಲಗೆಯನ್ನು 3 ಮೀಟರ್ ದೂರದಿಂದ ಓದಬೇಕಾದರೆ ಅಕ್ಷರ 25 ಮಿ.ಮೀ. ಎತ್ತರ ಬೇಕು. ಕನ್ನಡಕ್ಕೆ ಇನ್ನೂ ಸ್ವಲ್ಪ ದೊಡ್ಡದಿರಲಿ, ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆಯೂ ಜಾಗ ಬಿಡಿ. ಖಾಲಿ ಉಳಿದ ಮೇಲಿನ ಹಲಗೆಯ ಅಂಚು ಇದಕ್ಕೇ ಆಯಿತು.

ಬೆನ್ನುಪಟ್ಟಿ:

ಟ್ರಾಲಿಯ ಮಾತು ಸರಿ, ಒಪ್ಪಿದೆ. ಆದರೆ ಆ 35ನ್ನೂ ಮೊದಲೇ ಪ್ರದರ್ಶನದ ಲೊಕೇಶನ್‌ಗೆ ಬದಲಿಸಬೇಡಿ, ಟ್ರಾಲಿಯಿಂದ ಇಳಿಸುವ ದಿನ ಬದಲಿಸಿ. ಇಲ್ಲದಿದ್ದರೆ ಕ್ಯಾಟಲಾಗ್ ನೋಡಿ ಬಂದವರು ರ್ಯಾಕ್ ಮುಂದೆ ನಿಂತು ಹುಡುಕುತ್ತಾರೆ. ಟ್ರಾಲಿ ಕೌಂಟರಿನ ಹಿಂದೆ ಇರಲಿ, ಕೇಳಿದವರಿಗೆ ಅಲ್ಲಿಂದಲೇ ತೆಗೆದುಕೊಡಬಹುದು. ತುಂಬಿಸುವ ಕೆಲಸ ದಿನಕ್ಕೆ ಎರಡು ಸಲ, ಬಾಗಿಲು ತೆರೆಯುವ ಮುಂಚೆ ಒಮ್ಮೆ, ಮಕ್ಕಳು ಶಾಲೆ ಬಿಟ್ಟು ಬರುವ ಮುಂಚೆ ಒಮ್ಮೆ. ಯಾರು ಮಾಡಬೇಕೆಂದು ಹೆಸರು ಬರೆದ ಚೀಟಿಯನ್ನು ಟ್ರಾಲಿಗೇ ಅಂಟಿಸಿ.

ಮೌನಕೊಠಡಿ:

ಸರಿ, ಪೋಸ್ಟರ್ ಕೈಬಿಟ್ಟೆವು. ಗುಳ್ಳೆಗಳಿಗೆ 300 ಜಿಎಸ್‌ಎಂ ರಟ್ಟು ಸಾಕೇ, ಇನ್ನೂ ದಪ್ಪ ಬೇಕೇ?

ಗುಳ್ಳೆಮಾತು:

300 ಸಾಕು, ಗುಳ್ಳೆ 15 ಸೆಂ.ಮೀ. ಅಗಲ ಮೀರದಿದ್ದರೆ. ಅದಕ್ಕಿಂತ ದೊಡ್ಡದಾದರೆ ಬಾಲದ ಬುಡದಲ್ಲಿ ಮಡಚಿಕೊಳ್ಳುತ್ತದೆ, ಹಿಂದೆ ಒಂದು ಕಡ್ಡಿ ಅಂಟಿಸಿ. ಸೆಲ್ಲೋಟೇಪನ್ನು ಸ್ಟ್ಯಾಂಡಿಗೆ ಹಚ್ಚಿ, ಪುಸ್ತಕಕ್ಕೆ ತಾಗಿಸಬೇಡಿ.